ಪೆಟ್ಟಿಗೆಯಲ್ಲಿ ಸಿಗದ ವಿಮಾನ

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ತಿಂಗಳು ಮಾದರಿ ವಿಮಾನಗಳು

ಪ್ರಶ್ನೆ: ಸರ್, ಐದು ವರ್ಷಗಳಿಂದ ಆರ್‌ಸಿ, ಅಂದರೆ ರೇಡಿಯೊ ಕಂಟ್ರೋಲ್ ವಿಮಾನ ಹಾರಿಸುತ್ತಿದ್ದೇನೆ. ಮೊದಲು ಟ್ರೇನರ್, ಆಮೇಲೆ ಹಳದಿ ಪೈಪರ್ ಕಬ್, ಆಮೇಲೆ ಒಂದು ಮಸ್ಟ್ಯಾಂಗ್ ಆಯಿತು. ಭಾನುವಾರ ಬಯಲಿಗೆ ಹೋದರೆ ಅಲ್ಲಿರುವ ಎಂಟು ವಿಮಾನಗಳಲ್ಲಿ ನಾಲ್ಕು ಕಬ್ ಆಗಿರುತ್ತವೆ. ನೋಡಿದವರು ‘ಇದು ಯಾವುದು?’ ಎಂದು ಹತ್ತಿರ ಬರುವಂಥ ವಿಮಾನವೊಂದನ್ನು ಕೈಯಾರೆ ಕಟ್ಟಬೇಕೆಂಬ ಆಸೆ. ಅಂಥ ಕಿಟ್ ಎಲ್ಲಿ ಸಿಗುತ್ತದೆ? ಅಂಗಡಿಯಲ್ಲಿ ಕೇಳಿದರೆ ಮತ್ತೆ ಕಬ್ ತೋರಿಸುತ್ತಾರೆ.
— ಓದುಗರು, ದಾವಣಗೆರೆ

ಉತ್ತರ: ಅಂಗಡಿಯವರ ತಪ್ಪೇನೂ ಇಲ್ಲ. ಒಂದು ವಿಮಾನ ಕಿಟ್ ಆಗಿ ಪೆಟ್ಟಿಗೆ ಸೇರಬೇಕಾದರೆ ಯಾರೋ ಒಬ್ಬರು ನಕ್ಷೆ ಬರೆಯಬೇಕು, ಒಂದೆರಡು ಮಾದರಿ ಕಟ್ಟಿ ಹಾರಿಸಿ ನೋಡಬೇಕು, ಮರ ಕತ್ತರಿಸಬೇಕು, ಬಣ್ಣದ ಪೆಟ್ಟಿಗೆ ಅಚ್ಚು ಹಾಕಿಸಬೇಕು. ಅಷ್ಟು ಹಣ ಹೂಡುವವರು ಎಲ್ಲರಿಗೂ ಗೊತ್ತಿರುವ ವಿಮಾನವನ್ನೇ ಆರಿಸುತ್ತಾರೆ. ಮೇಲಾಗಿ, ಪೆಟ್ಟಿಗೆ ಬಿಚ್ಚಿದ ಸಂಜೆಯೇ ಹಾರಿಸಬಹುದಾದ ಫೋಮ್ ವಿಮಾನಗಳು ಬಂದ ಮೇಲೆ ಕೂತು ಕಟ್ಟುವವರು ಎಲ್ಲ ದೇಶಗಳಲ್ಲೂ ಕಡಿಮೆಯಾದರು. ಗ್ರೇಟ್ ಪ್ಲೇನ್ಸ್, ಟಾಪ್ ಫ್ಲೈಟ್ ಹೆಸರಿನ ಮರದ ಕಿಟ್‌ಗಳನ್ನು ಮಾರುತ್ತಿದ್ದ ಅಮೆರಿಕದ ಹಾಬಿಕೊ ಸಂಸ್ಥೆ 2018ರಲ್ಲಿ ದಿವಾಳಿಯಾಯಿತು. ಅಲ್ಲಿನ ಕಿಟ್ ಕಂಪನಿ ಗಿಲ್ಲೋಸ್ 1926ರಲ್ಲಿ ಶುರುವಾದದ್ದು, ಡ್ಯೂಮಾಸ್ ಕೂಡ ಹಳೆಯದು. ಇಂಥವರ ಕಿಟ್‌ಗಳು ಅಂಗಡಿಗಳಲ್ಲಿ ಕಂಡರೆ ಪಟ್ಟಿಯನ್ನು ಪೂರ್ತಿ ಓದಿ, ಅಪರೂಪದ್ದು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ರಬ್ಬರ್ ಸುತ್ತಿ ಹಾರಿಸುವ ಚಿಕ್ಕ ವಿಮಾನಗಳು. ಸರ್ವೊ (ಬಾಲ, ರೆಕ್ಕೆಯ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರ್), ರಿಸೀವರ್ (ರಿಮೋಟಿನ ಸಂಕೇತ ಹಿಡಿಯುವ ಸಾಧನ) ಹೊರಬೇಕಾದರೆ ರೆಕ್ಕೆಯ ಅಗಲ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಕನಿಷ್ಠ 60 ಸೆಂ.ಮೀ. ಇರುವುದನ್ನು ಆರಿಸಿ, ಐದು ಗ್ರಾಂ ತೂಕದ ಸರ್ವೊಗಳನ್ನು ಬಳಸಿ.

ಹಳೆಯ ಪೆಟ್ಟಿಗೆಗಳ ಮೋಹ ನನಗೂ ಇತ್ತು. ಹಲವು ವರ್ಷಗಳ ಹಿಂದೆ ವಿದೇಶದ ಮಾರಾಟಗಾರರೊಬ್ಬರಿಂದ ನಾಲ್ಕು ದಶಕ ಹಳೆಯ ಕಿಟ್ ಒಂದನ್ನು ತರಿಸಿದೆ. ಮುಚ್ಚಳ ತೆಗೆದಾಗ ಬಂದ ಒಣ ಮರದ ವಾಸನೆ ಈಗಲೂ ನೆನಪಿದೆ. ಒಳಗೆ ರಬ್ಬರ್ ಪಟ್ಟಿ ಕರಗಿ ಬೆಲ್ಲದ ಪಾಕದಂತೆ ಕಾಗದಕ್ಕೆ ಅಂಟಿತ್ತು, ಸ್ಟಿಕರ್‌ಗಳು ಹಳದಿಗಟ್ಟಿ ಬಿರುಕು ಬಿಟ್ಟಿದ್ದವು. ಮರದ ಹಲಗೆಗಳಲ್ಲಿ ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳ) ಆಕಾರವನ್ನು ಅಚ್ಚಿನಿಂದ ಒತ್ತಿ ಕತ್ತರಿಸಿದ್ದರು. ಅಚ್ಚು ಮೊಂಡಾಗಿದ್ದರಿಂದ ಕತ್ತರಿಸುವ ಬದಲು ಜಜ್ಜಿತ್ತು. ಒಂದು ರಿಬ್ ಬಿಡಿಸಲು ಹೋದರೆ ಪಕ್ಕದ್ದು ಮುರಿಯುತ್ತಿತ್ತು. ಕೊನೆಗೆ ಉಪಯೋಗಕ್ಕೆ ಬಂದದ್ದು ಮಡಿಸಿಟ್ಟ ಪ್ಲಾನ್ ಕಾಗದ ಒಂದೇ. ಅದರ ಮೇಲೆ ಹೊಸ ಬಾಲ್ಸಾ (ಬಹಳ ಹಗುರವಾದ ಮರ) ಇಟ್ಟು ಎಲ್ಲವನ್ನೂ ಮತ್ತೆ ಕತ್ತರಿಸಿ ಕಟ್ಟಿದೆ, ವಿಮಾನ ಚೆನ್ನಾಗಿ ಹಾರಿತು. ಅಷ್ಟು ಹಣ ಕೊಟ್ಟು ನಾನು ಕೊಂಡದ್ದು ಆ ಕಾಗದವನ್ನು ಎಂಬುದು ಆಗ ಹೊಳೆಯಿತು.

ಆದ್ದರಿಂದ ನಿಮಗೆ ಹೇಳುವುದು ಇಷ್ಟು: ಕಿಟ್ ಹುಡುಕುವ ಮೊದಲು ಪ್ಲಾನ್ ಹುಡುಕಿ. ಬ್ರಿಟನ್ನಿನ ‘ಏರೋಮಾಡೆಲರ್’ 1935ರಿಂದ, ಅಮೆರಿಕದ ‘ರೇಡಿಯೊ ಕಂಟ್ರೋಲ್ ಮಾಡೆಲರ್’ 1963ರಿಂದ ಪ್ಲಾನ್‌ಗಳನ್ನು ಪ್ರಕಟಿಸುತ್ತ ಬಂದ ಪತ್ರಿಕೆಗಳು. ಅಂಥ ಹಳೆಯ ಪ್ಲಾನ್‌ಗಳನ್ನು ಹವ್ಯಾಸಿಗಳು ಒಂದೊಂದಾಗಿ ಸ್ಕ್ಯಾನ್ ಮಾಡಿ ಔಟರ್‌ಜೋನ್ ಎಂಬ ಜಾಲತಾಣದಲ್ಲಿ ಸಾವಿರಗಟ್ಟಲೆ ಕೂಡಿಸಿಟ್ಟಿದ್ದಾರೆ. ಉಚಿತವಾಗಿ ಇಳಿಸಿಕೊಳ್ಳಬಹುದು. ಯಾವ ಕಂಪನಿಯೂ ಪೆಟ್ಟಿಗೆಗೆ ಹಾಕಲಾರದ ವಿಮಾನಗಳು ಅಲ್ಲಿವೆ, ಏಕೆಂದರೆ ಅವನ್ನು ಬರೆದವರು ಮಾರಾಟದ ಲೆಕ್ಕ ಹಾಕಿರಲಿಲ್ಲ.

ಪ್ಲಾನ್ ಸಿಕ್ಕ ಮೇಲೆ ಕಿಟ್ ಮಾಡಿಕೊಳ್ಳುವುದು ಈಗ ಕಷ್ಟವಲ್ಲ. ವಿದೇಶದಲ್ಲಿ ‘ಶಾರ್ಟ್ ಕಿಟ್’ ಎಂದು ಮಾರುತ್ತಾರೆ: ರಿಬ್, ಫಾರ್ಮರ್‌ನಂಥ (ವಿಮಾನದ ಮೈಗೆ ಆಕಾರ ಕೊಡುವ ಅಡ್ಡ ಚೌಕಟ್ಟು) ವಕ್ರ ಭಾಗಗಳನ್ನಷ್ಟೇ ಲೇಸರ್‌ನಲ್ಲಿ ಕತ್ತರಿಸಿ ಕೊಡುತ್ತಾರೆ, ಉದ್ದ ಪಟ್ಟಿ, ಹಲಗೆ, ತಂತಿ ನೀವೇ ಹೊಂದಿಸಿಕೊಳ್ಳಬೇಕು. ಪೊಟ್ಟಣ ಚಿಕ್ಕದು, ಅಂಚೆ ವೆಚ್ಚ ಕಡಿಮೆ. ಇದಕ್ಕಿಂತ ಹತ್ತಿರದ ದಾರಿಯೂ ಇದೆ. ನಿಮ್ಮ ಊರಿನಲ್ಲಿ ಎಂಡಿಎಫ್ ಹಲಗೆಯಲ್ಲಿ ಮನೆಯ ನಾಮಫಲಕ, ಮದುವೆಯ ಅಲಂಕಾರ ಕತ್ತರಿಸುವ ಲೇಸರ್ ಅಂಗಡಿ ಇದ್ದೇ ಇರುತ್ತದೆ. ಪ್ಲಾನ್‌ನಿಂದ ಭಾಗಗಳನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿ ಬರೆದುಕೊಟ್ಟರೆ ಅವರು ಅರ್ಧ ಗಂಟೆಯಲ್ಲಿ ಕತ್ತರಿಸಿ ಕೊಡುತ್ತಾರೆ. ಎಂಡಿಎಫ್‌ಗೆ ಇಟ್ಟ ಶಾಖ ಬಾಲ್ಸಾಕ್ಕೆ ಬಹಳ ಹೆಚ್ಚು, ಮರ ಹೊತ್ತಿಕೊಳ್ಳುತ್ತದೆ. ಮೊದಲು ಒಂದು ಚೂರಿನ ಮೇಲೆ ಪರೀಕ್ಷಿಸಿ, ಯಂತ್ರದ ಪಕ್ಕದಲ್ಲೇ ನಿಂತಿರಿ. ಕತ್ತರಿಸಿದ ಅಂಚಿನ ಕಪ್ಪನ್ನು ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ ತೆಗೆದ ಮೇಲೆಯೇ ಅಂಟು ಹಚ್ಚಿ, ಇಲ್ಲದಿದ್ದರೆ ಅಂಟು ಮಸಿಗೆ ಹಿಡಿಯುತ್ತದೆ, ಮರಕ್ಕೆ ಹಿಡಿಯುವುದಿಲ್ಲ. ಪ್ಲಾನ್ ಅಚ್ಚು ಹಾಕಿಸುವಾಗ ಮೂಲೆಯಲ್ಲಿ 10 ಸೆಂ.ಮೀ. ಗೆರೆಯೊಂದನ್ನು ಎಳೆದಿಡಿ. ಅಚ್ಚಾಗಿ ಬಂದ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. 9.7 ಬಂದರೆ ಹಣ ಕೊಡಬೇಡಿ, ಮತ್ತೆ ಹಾಕಿಸಿ.

ಬಾಲ್ಸಾ ಕೊಳ್ಳುವಾಗ ಅಡುಗೆ ಮನೆಯ ಚಿಕ್ಕ ತಕ್ಕಡಿಯನ್ನು ಜೊತೆಗೆ ಒಯ್ಯಿರಿ. 3 ಮಿ.ಮೀ. ದಪ್ಪ, 10 ಸೆಂ.ಮೀ. ಅಗಲ, 1 ಮೀಟರ್ ಉದ್ದದ ಹಲಗೆ ಸುಮಾರು 30 ಗ್ರಾಂ ತೂಗಿದರೆ ಬಾಲಕ್ಕೆ, ರಿಬ್‌ಗಳಿಗೆ ಇಟ್ಟುಕೊಳ್ಳಿ. 45 ಗ್ರಾಂ ದಾಟಿದ್ದನ್ನು ರೆಕ್ಕೆಯ ಬೆನ್ನೆಲುಬಿಗೆ ಬಳಸಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಇನ್ನು ಯಾವ ವಿಮಾನ? ನಿಮ್ಮ ಬಯಲಿನಲ್ಲಿ ಗುಂಪು ಸೇರಿಸಬೇಕೆಂದರೆ ಅಮೆರಿಕದ ವಾಟ್ ವಿ-173 ಇದೆ. 1942ರಲ್ಲಿ ಹಾರಿದ ಇದಕ್ಕೆ ಬೇರೆ ರೆಕ್ಕೆ ಎಂಬುದೇ ಇಲ್ಲ, ಇಡೀ ವಿಮಾನವೇ ದೋಸೆಯಂತೆ ದುಂಡಗೆ. ಫೋಮ್ ಹಾಳೆಯಲ್ಲಿ ಎರಡು ಭಾನುವಾರ ಸಾಕು. ಜರ್ಮನಿಯ ಬ್ಲೋಮ್ ಉಂಟ್ ಫಾಸ್ ಬಿವಿ 141ರಲ್ಲಿ ಎಂಜಿನ್ ಒಂದು ಕಡೆ, ಪೈಲಟ್ ಕೂರುವ ಗಾಜಿನ ಗೂಡು ಇನ್ನೊಂದು ಕಡೆ. ನೋಡಿದರೆ ನೆಟ್ಟಗೆ ಹಾರದು ಅನ್ನಿಸುತ್ತದೆ, ಆದರೆ 1938ರಲ್ಲಿ ಅದು ಹಾರಿತು. ಕಟ್ಟುವುದಕ್ಕೆ ಮಾತ್ರ ತಾಳ್ಮೆ ಬೇಕು. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಮಾಡಿದ ‘ಹಾರುವ ಚಿಗಟ’ ಹಿಂದೆ ಮುಂದೆ ಎರಡು ರೆಕ್ಕೆಗಳ ಪುಟ್ಟ ವಿಮಾನ. ಸಾಮಾನ್ಯರು ಮನೆಯಲ್ಲೇ ಕಟ್ಟಿಕೊಳ್ಳಲೆಂದು ಆತ ಅದನ್ನು ರೂಪಿಸಿದ. ಆದರೆ ಮೂಗು ಕೆಳಗಾದಾಗ ಎರಡು ರೆಕ್ಕೆಗಳ ನಡುವಿನ ಗಾಳಿ ತೊಡಕಾಗಿ, ಮೇಲೆತ್ತಲಾಗದೆ ಕೆಲವರು ಪ್ರಾಣ ಕಳೆದುಕೊಂಡರು. ಅದನ್ನು ಕಟ್ಟುವಿರಾದರೆ ಪ್ಲಾನ್‌ನಲ್ಲಿ ತೋರಿಸಿದ ಗುರುತ್ವ ಕೇಂದ್ರಕ್ಕಿಂತ ಒಂದು ಕೂದಲಿನಷ್ಟೂ ಹಿಂದಕ್ಕೆ ಹೋಗಬೇಡಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಮತ್ತೊಂದು. ಪ್ಯಾರಿಸ್‌ನಲ್ಲಿ ನೆಲೆಸಿದ್ದ ಬ್ರೆಜಿಲ್‌ನ ಸಾಂಟೋಸ್ ಡುಮೊಂಟ್ 1909ರಲ್ಲಿ ಹಾರಿಸಿದ ‘ಡೆಮೊಸೆಲ್’. ರೆಕ್ಕೆಯ ಅಗಲ 5.1 ಮೀಟರ್, ಪೈಲಟ್ ರೆಕ್ಕೆಯ ಕೆಳಗೆ ಚಕ್ರಗಳ ನಡುವೆ ಕೂರುತ್ತಿದ್ದ. ಅದರ ಮೈ ಬಿದಿರಿನದು. ಆತ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಟ್ಟುಕೊಟ್ಟ. 1910ರಲ್ಲಿ ಅಮೆರಿಕದ ಪತ್ರಿಕೆಯೊಂದು ಅದರ ನಕ್ಷೆಯನ್ನು ಪ್ರಕಟಿಸಿತು. ನೂರು ವರ್ಷ ದಾಟಿದ ಮೇಲೂ ಆ ನಕ್ಷೆ ಹಿಡಿದು ನಾವು ಕಟ್ಟುತ್ತಿದ್ದೇವೆ.

ನಾಲ್ಕನೇ ಒಂದು ಅಳತೆಯಲ್ಲಿ ಕಟ್ಟಿದರೆ ರೆಕ್ಕೆ 127 ಸೆಂ.ಮೀ. ಆಗುತ್ತದೆ. ಬಿದಿರಿಗಾಗಿ ನಾನು ಕಲಬುರಗಿಯಲ್ಲಿ ಮೇದಾರರ ಮನೆಗಳಿಗೆ ಹೋದೆ. ಮೊರ ಹೆಣೆಯುತ್ತಿದ್ದ ತಾಯಿಯೊಬ್ಬರು ನನಗೆ ಬೇಕಾದದ್ದು ಏನೆಂದು ಕೇಳಿ ತಿಳಿದು, ದಬ್ಬೆಯನ್ನು ಕತ್ತಿಯಿಂದ ಸೀಳಿ, ಒಳಗಿನ ಬಿಳಿ ತಿರುಳನ್ನು ಕೆರೆದು ಹಸಿರು ಸಿಪ್ಪೆಯ ಕಡೆಯನ್ನಷ್ಟೇ ಉಳಿಸಿದರು. ಪ್ರತಿ ಸೀಳನ್ನೂ ಹೆಬ್ಬೆರಳಿನ ಮೇಲೆ ಬಿಲ್ಲಿನಂತೆ ಬಗ್ಗಿಸಿ ನೋಡುತ್ತಿದ್ದರು. ಗಿಣ್ಣಿನ ಹತ್ತಿರ ಕೋನವಾಗಿ ಮಡಿಚಿದ್ದನ್ನು ಒಂದು ಮಾತೂ ಆಡದೆ ಪಕ್ಕಕ್ಕೆ ಎಸೆದರು. ಹದಿನೈದು ಸೀಳಿಗೆ ಆರು ಉಳಿದವು. ಐಟಿಐಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿದವನು ನಾನು. ವಸ್ತುವಿನ ಪರೀಕ್ಷೆ ಎಂದರೇನೆಂದು ಅಷ್ಟು ಸ್ಪಷ್ಟವಾಗಿ ಯಾವ ಪಾಠದಲ್ಲೂ ತೋರಿಸಿದ್ದಿಲ್ಲ.

ಮೊದಲ ಬಾರಿ ಬಾಲದ ಕಡೆಗೆ ಉದ್ದಕ್ಕೂ ಒಂದೇ ದಪ್ಪದ ಬಿದಿರು ಹಾಕಿದೆ. ಬಿದಿರು ಬಾಲ್ಸಾಕ್ಕಿಂತ ಹಲವು ಪಟ್ಟು ಭಾರ. ಸಮತೋಲಕ್ಕೆ ಮೂಗಿನಲ್ಲಿ 90 ಗ್ರಾಂ ಸೀಸ ಕೂರಿಸಬೇಕಾಯಿತು. ಎರಡನೆಯದರಲ್ಲಿ ಮುಂದೆ 5 ಮಿ.ಮೀ., ಬಾಲದಲ್ಲಿ 3 ಮಿ.ಮೀ. ಆಗುವಂತೆ ಬಿದಿರನ್ನು ಸಣ್ಣಗೆ ಕೆರೆದೆ, ಸೀಸ ಬೇಕಾಗಲಿಲ್ಲ. ಒಟ್ಟು ತೂಕ 720 ಗ್ರಾಂ. ಇದರ ಇಡೀ ಬಾಲವೇ ಮೇಲೆ ಕೆಳಗೆ, ಅತ್ತ ಇತ್ತ ತಿರುಗುತ್ತದೆ, ಒಂದೊಂದಕ್ಕೆ ಒಂದೊಂದು ಸರ್ವೊ. ಬೆಳಿಗ್ಗೆ ಆರರ ಹೊತ್ತಿಗೆ, ಮರದ ಎಲೆ ಅಲುಗದಿರುವಾಗ ಮಾತ್ರ ಹಾರಿಸಿ. ತೆಳುವಾದ ರೆಕ್ಕೆ, ಎಲ್ಲೆಲ್ಲೂ ತಂತಿ, ಗಾಳಿಯ ತಡೆ ಬಹಳ. ಥ್ರಾಟಲ್ ಪೂರ್ತಿ ಇಳಿಸಿದರೆ ಕಬ್‌ನಂತೆ ತೇಲುವುದಿಲ್ಲ, ನಿಂತಲ್ಲೇ ಬೀಳುತ್ತದೆ. ಚಕ್ರ ನೆಲ ಮುಟ್ಟುವವರೆಗೂ ಸ್ವಲ್ಪ ಶಕ್ತಿ ಉಳಿಸಿಕೊಂಡಿರಿ. ನಿಧಾನವಾಗಿ ಅದು ತಲೆಯ ಮೇಲೆ ಹಾದುಹೋಗುವಾಗ ಬೆಳಗಿನ ಬೆಳಕು ರೆಕ್ಕೆಯ ಬಟ್ಟೆಯನ್ನು ದಾಟಿ ಬರುತ್ತದೆ, ಒಂದೊಂದು ರಿಬ್ಬನ್ನೂ ಎಣಿಸಬಹುದು.

ಪ್ರಶ್ನೆ: ಸ್ಪಿಟ್‌ಫೈರ್, ಮಸ್ಟ್ಯಾಂಗ್ ಕಿಟ್‌ಗಳು ಎಲ್ಲೆಲ್ಲೂ ಇವೆ. ಬೆಂಗಳೂರಿನಲ್ಲೇ ಹುಟ್ಟಿದ ವಿಮಾನಗಳನ್ನು ಕಟ್ಟಲು ದಾರಿಯಿಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ಈ ಪ್ರಶ್ನೆಗಾಗಿ ನಾನು ಬಹಳ ದಿನ ಕಾದಿದ್ದೆ. ನಾನು ಬೆಳೆದದ್ದು ಬೀದರಿನಲ್ಲಿ. 1970ರ ದಶಕದಲ್ಲಿ ವಾಯುಪಡೆಯ ಹೊಸ ಪೈಲಟ್‌ಗಳು ಅಲ್ಲಿ ಹಾರಲು ಕಲಿಯುತ್ತಿದ್ದುದು ಎಚ್‌ಟಿ-2 ವಿಮಾನದಲ್ಲಿ. ಶಾಲೆಯ ಕಿಟಕಿಯಿಂದ ಅದರ ಸದ್ದು ಕೇಳಿದರೆ ಗಣಿತದ ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ಅದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟ್ಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ವಿಮಾನ ಎಂಬುದು ದೊಡ್ಡವನಾದ ಮೇಲೆ ತಿಳಿಯಿತು.

ಅಂಗಡಿಯ ಪೆಟ್ಟಿಗೆಯಲ್ಲಿ ಎಚ್‌ಟಿ-2 ಅನ್ನು ನಾನು ಈವರೆಗೆ ಕಂಡಿಲ್ಲ. ಆದರೆ ಅದರ ಹತ್ತಿರದ ಸಂಬಂಧಿಯಂತೆ ಕಾಣುವ ವಿಮಾನವೊಂದಕ್ಕೆ ಕಿಟ್, ಪ್ಲಾನ್ ಎರಡೂ ಧಾರಾಳವಾಗಿವೆ: ಡಿ ಹ್ಯಾವಿಲಂಡ್ ಚಿಪ್‌ಮಂಕ್. ಎರಡೂ ಕೆಳ ರೆಕ್ಕೆಯ, ಹಿಂದೆ ಮುಂದೆ ಇಬ್ಬರು ಕೂರುವ, ಬಾಲದ ಚಕ್ರವಿರುವ ತರಬೇತಿ ವಿಮಾನಗಳು. ಎಚ್‌ಟಿ-2ರ ರೆಕ್ಕೆ 10.72 ಮೀಟರ್, ಚಿಪ್‌ಮಂಕ್‌ನದು ಸುಮಾರು 10.5. ಎರಡರಲ್ಲೂ ಎಂಜಿನ್‌ನ ನಾಲ್ಕು ಸಿಲಿಂಡರ್ ಸಾಲಾಗಿ ತಲೆಕೆಳಗಾಗಿ ನಿಂತಿರುವುದರಿಂದ ಮೂಗು ಕಿರಿದು. ಎಂಟನೇ ಒಂದು ಅಳತೆಯ ಎಚ್‌ಟಿ-2ಕ್ಕೆ ರೆಕ್ಕೆ 134 ಸೆಂ.ಮೀ., ಉದ್ದ 94 ಸೆಂ.ಮೀ. ಹೆಚ್ಚುಕಡಿಮೆ ಇದೇ ಅಳತೆಯ ಚಿಪ್‌ಮಂಕ್ ಪ್ಲಾನ್ ತೆಗೆದುಕೊಂಡು, ಮೇಲೆ ಎಚ್‌ಟಿ-2ರ ಮೂರು ನೋಟಗಳ ನಕ್ಷೆಯನ್ನು ಟ್ರೇಸಿಂಗ್ ಕಾಗದದಲ್ಲಿ ಇಟ್ಟು ನೋಡಿ. ರೆಕ್ಕೆಯ ಒಳಗಿನ ಚೌಕಟ್ಟನ್ನು ಹಾಗೇ ಉಳಿಸಿಕೊಳ್ಳಬಹುದು. ಬಾಲ, ಪೈಲಟ್‌ನ ಗಾಜಿನ ಮುಚ್ಚಿಗೆ, ಮೂಗಿನ ಹೊರ ಆಕಾರವನ್ನು ಮತ್ತೆ ಬರೆಯಬೇಕು. 1.3 ಕಿಲೋ ಮೀರದಂತೆ ಕಟ್ಟಿದರೆ ಮೂರು ಸೆಲ್‌ನ 2200 ಎಂಎಎಚ್ ಬ್ಯಾಟರಿ, 300 ವ್ಯಾಟ್ ಮೋಟಾರ್ ಸಾಕು.

ಎಚ್‌ಟಿ-2 ಕಷ್ಟವೆನಿಸಿದರೆ ಅದೇ ಕಾರ್ಖಾನೆಯ 1958ರ ಪುಷ್ಪಕ್ ಇದೆ. ಮೇಲ್ರೆಕ್ಕೆ, ಚೌಕಾಕಾರದ ಮೈ, ಕಬ್ ಕಟ್ಟಿದವರಿಗೆ ಎಲ್ಲವೂ ಪರಿಚಿತ. ಅದು ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಆಧರಿಸಿದ್ದರಿಂದ ಏರೋಂಕಾ ಪ್ಲಾನ್‌ನಿಂದಲೇ ಆರಂಭಿಸಬಹುದು. ಬೆಳೆಗಳಿಗೆ ಔಷಧ ಸಿಂಪಡಿಸಲೆಂದು ಮಾಡಿದ ಬಸಂತ್ ನನ್ನ ಮೇಜಿನ ಮೇಲೆ ಈಗ ಅರ್ಧ ಕಟ್ಟಿದ ಸ್ಥಿತಿಯಲ್ಲಿದೆ. ಗೂನು ಬೆನ್ನಿನ ಆ ವಿಮಾನ ಚೆಲುವಾಗಿಲ್ಲವೆಂದು ಹಲವರು ಹೇಳುತ್ತಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಪೈಲಟ್‌ಗೆ ಹೊಲ ಚೆನ್ನಾಗಿ ಕಾಣಲೆಂದು ಅವನನ್ನು ಅಷ್ಟು ಎತ್ತರದಲ್ಲಿ ಕೂರಿಸಿದ್ದಾರೆ.

ಕಾಗದ ಹಿಡಿದು ಕೂರುವ ಮೊದಲು ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಹೋಗಿ ಬನ್ನಿ. ಫೋಟೊ ತೆಗೆಯುವಾಗ ವಿಮಾನದ ಅಂದ ಬಿಡಿ, ಕೀಲುಗಳ ಹತ್ತಿರ ಹೋಗಿ. ಚಕ್ರದ ಕಾಲು ರೆಕ್ಕೆಗೆ ಸೇರುವ ಜಾಗ, ಐಲೆರಾನ್‌ನ (ರೆಕ್ಕೆಯ ಹಿಂಅಂಚಿನ ಆಡುವ ಪಟ್ಟಿ) ಕೀಲು, ತಗಡುಗಳು ಕೂಡುವ ಅಂಚು: ಮೇಜಿನ ಮೇಲೆ ಕಾಡುವ ಅನುಮಾನಗಳು ಇವೇ.

ಪ್ರಶ್ನೆ: ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಲ್ಲಿರುವ ಅಕ್ಕನ ಮಗನಿಗೆ ಮರದ ಕಿಟ್ ತರಬೇಕು. ಏನು ತರಲಿ, ಹೇಗೆ ತರಲಿ?
— ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಸುತ್ತಿನ ಕ್ಲಬ್‌ಗಳು ಚಳಿಗಾಲದಲ್ಲಿ ಹಳೆಯ ಸಾಮಾನಿನ ಸಂತೆ ನಡೆಸುತ್ತವೆ. ವಯಸ್ಸಾದ ಹವ್ಯಾಸಿಗಳು ಕಟ್ಟಲಾಗದೆ ಇಟ್ಟುಕೊಂಡ ಕಿಟ್‌ಗಳು ಅಲ್ಲಿ ಕಡಿಮೆ ಬೆಲೆಗೆ ಬರುತ್ತವೆ. ಪೆಟ್ಟಿಗೆ ತೆರೆದು ಪ್ಲಾನ್ ಇದೆಯೇ, ಮರ ನೆಟ್ಟಗಿದೆಯೇ ನೋಡಿ ಕೊಳ್ಳಿ. ಮರ, ಪ್ಲಾನ್, ಚಕ್ರ ಮಾತ್ರ ತನ್ನಿ. ರೆಕ್ಕೆಯ ಕಾಗದ ಬಿಗಿಯಲು ಹಚ್ಚುವ ಡೋಪ್‌ನಂಥ ಬೇಗ ಹೊತ್ತಿಕೊಳ್ಳುವ ದ್ರವಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಬಿಡಿ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಹೊರದೇಶದ ಸಿದ್ಧ ಡ್ರೋನ್ ಮತ್ತು ಜೋಡಿಸುವ ಡ್ರೋನ್ ಕಿಟ್‌ಗಳ ಆಮದನ್ನು ಭಾರತ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದ್ದರಿಂದ ಮೋಟಾರ್, ರೇಡಿಯೊ ಕಂಡರೆ ಕಸ್ಟಮ್ಸ್‌ನಲ್ಲಿ ಪ್ರಶ್ನೆ ಬರಬಹುದು. ಅವೆಲ್ಲ ಬೆಂಗಳೂರಿನಲ್ಲೇ ಸಿಗುತ್ತವೆ, ಹುಡುಗ ತಾನೇ ಆರಿಸಿಕೊಳ್ಳಲಿ.

ಪ್ರಶ್ನೆ: ನಮ್ಮ ಊರಿನ ಹೊಲದಲ್ಲಿ ಹಾರಿಸಲು ಅನುಮತಿ ಬೇಕೇ?
— ಓದುಗರು, ಗದಗ

ಉತ್ತರ: 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಹವ್ಯಾಸಕ್ಕಾಗಿ, ಕಣ್ಣಳತೆಯಲ್ಲೇ ಹಾರಿಸುವ, 25 ಕಿಲೋ ಮೀರದ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಕೊಡುವ ಪ್ರಮಾಣಪತ್ರ) ಬೇಕಿಲ್ಲ. ಜಾಗ ಮುಖ್ಯ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ ಹಸಿರು ವಲಯದಲ್ಲಿದ್ದರೆ 400 ಅಡಿ ಎತ್ತರದವರೆಗೆ ಹಾರಿಸಬಹುದು, ಕೆಂಪು ಅಥವಾ ಹಳದಿಯಲ್ಲಿದ್ದರೆ ಅನುಮತಿಯಿಲ್ಲದೆ ಬೇಡ. ಪಕ್ಕದ ಹೊಲದವರಿಗೂ ಒಂದು ಮಾತು ಹೇಳಿ, ವಿಮಾನ ಅವರ ಜೋಳದಲ್ಲಿ ಇಳಿಯುವ ದಿನ ಬಂದೇ ಬರುತ್ತದೆ.

ಪ್ರಶ್ನೆ: ಅಜ್ಜ, ನಾನು ಎಂಟನೇ ತರಗತಿ. ನನ್ನ ಹತ್ತಿರ 500 ರೂಪಾಯಿ ಇದೆ. ಇಲ್ಲಿ ಬಾಲ್ಸಾ ಸಿಗುವುದಿಲ್ಲ. ನನಗೆ ಯಾರೂ ಮಾಡದ ವಿಮಾನ ಮಾಡಬೇಕು, ರಿಮೋಟ್ ಕೂಡ ಬೇಕು.
— ಓದುಗರು, ಶಿರಸಿ

ಉತ್ತರ: ಪುಟ್ಟೀ, 500 ರೂಪಾಯಿಯನ್ನು ಈಗಲೇ ಖರ್ಚು ಮಾಡಬೇಡ, ರಿಮೋಟಿಗೆ ಕೂಡಿಡು. ವಿಮಾನವನ್ನು ಇವತ್ತೇ ಶುರು ಮಾಡಬಹುದು. ಉರಿದು ಮುಗಿದ ಊದುಬತ್ತಿಯ ಕಡ್ಡಿಗಳು ಮನೆಯಲ್ಲಿ ಇರುತ್ತವಲ್ಲ, ಅವು ಬಿದಿರು. ಗಾಳಿಪಟದ ಕಾಗದ, ಫೆವಿಕಾಲ್, ಸ್ವಲ್ಪ ಜೇಡಿಮಣ್ಣು ಸಾಕು. ಜಗತ್ತಿನ ಹವ್ಯಾಸಿಗಳು ‘ಪೀನಟ್’, ಅಂದರೆ ಶೇಂಗಾ, ಎಂದು ಕರೆಯುವ ಒಂದು ಅಳತೆ ಇದೆ: ರೆಕ್ಕೆ 13 ಇಂಚು ಮೀರಬಾರದು. ನೀನೂ ಅದೇ ಅಳತೆಯಲ್ಲಿ ಮಾಡು. ಕಡ್ಡಿಗಳನ್ನು ಕಾಗದದ ಮೇಲೆ ಬರೆದ ಗೆರೆಗೆ ಸರಿಯಾಗಿ ಗುಂಡುಸೂಜಿಯಿಂದ ನಿಲ್ಲಿಸಿ ಅಂಟಿಸು, ರಾತ್ರಿಯಿಡೀ ಒಣಗಲು ಬಿಡು. ನಿಮ್ಮ ಊರಿನ ಮಳೆಗಾಲದಲ್ಲಾದರೆ ಎರಡು ರಾತ್ರಿ. ಕಾಗದ ಅಂಟಿಸಿದ ಮೇಲೆ ನೀರನ್ನು ಹನಿಹನಿಯಾಗಿ ಸಿಂಪಡಿಸು. ಅದು ಒಣಗುತ್ತ ತಬಲಾದ ಚರ್ಮದಂತೆ ಬಿಗಿಯುತ್ತದೆ.

ರೆಕ್ಕೆಯ ಮುಂಅಂಚಿನಿಂದ ಹಿಂಅಂಚಿನವರೆಗಿನ ಅಳತೆಯಲ್ಲಿ, ಮುಂದಿನಿಂದ ಮೂರನೇ ಒಂದು ಭಾಗದಲ್ಲಿ ಎರಡು ಬೆರಳ ಮೇಲೆ ವಿಮಾನ ಸಮನಾಗಿ ನಿಲ್ಲಬೇಕು. ಬಾಲ ಇಳಿದರೆ ಮೂಗಿಗೆ ಜೇಡಿಮಣ್ಣು ಮೆತ್ತು. ಹುಲ್ಲಿರುವ ಕಡೆ ಮೆಲ್ಲಗೆ ಎಸೆ. ಮೂಗೆತ್ತಿ ನಿಂತು ಬಿದ್ದರೆ ಇನ್ನೂ ಮಣ್ಣು ಬೇಕು, ನೇರ ನೆಲಕ್ಕೆ ಹೋದರೆ ಮಣ್ಣು ಹೆಚ್ಚಾಯಿತು. ಕೈಯಿಂದ ಎಸೆದಾಗ ಚೆನ್ನಾಗಿ ತೇಲುವ ವಿಮಾನವನ್ನೇ ದೊಡ್ಡದು ಮಾಡಿ ಕಟ್ಟಿದರೆ ರಿಮೋಟ್ ಇಟ್ಟರೂ ಚೆನ್ನಾಗಿ ಹಾರುತ್ತದೆ. ಆಕಾರ ಯಾವುದು ಎಂದು ಕೇಳಬೇಡ. ನಿಮ್ಮ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಹಾರುವುದನ್ನು ನೋಡಿರುತ್ತೀಯಲ್ಲ, ಆ ದೊಡ್ಡ ಕೊಕ್ಕಿನ ಜಾಗಕ್ಕೆ ಜೇಡಿಮಣ್ಣು ಸರಿಯಾಗಿ ಹೊಂದುತ್ತದೆ. ಎಷ್ಟು ಹೆಜ್ಜೆ ದೂರ ಹೋಯಿತೆಂದು ಎಣಿಸಿ ನನಗೆ ಬರೆ.